ಚಿಗರ್ಯಾನ ಕಾಲು ಗಿಡ್ಡಾದ ದಿನ

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದು ಅಂದರೆ ಗುಡ್ಡಗಳಿಗೆ ಹೆಸರಿಟ್ಟಿರಲಿಲ್ಲ, ಹೊಳೆಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಇವತ್ತು ಬೇವಿನ ಮರದ ಈ ಕಡೆ ಹರಿದರೆ ನಾಳೆ ಆ ಕಡೆ. ಬೇವಿನ ಮರಕ್ಕೆ ಸಿಟ್ಟು ಬಂದು, "ಒಂದ್ ಕಡೆ ಹರಿಯವ್ವಾ ತಾಯಿ, ನೋಡಿ ನೋಡಿ ನನಗ ತಲಿ ತಿರಗಾಕ ಹತ್ತೈತಿ" ಅಂತ ಗೊಣಗುತ್ತಿತ್ತು.

ಮಳೆ ಅನ್ನುವುದು ಆಗಿನ್ನೂ ಒಂದು ಸಲವೂ ಬಿದ್ದಿರಲಿಲ್ಲ. ಗಿಡಗಳೆಲ್ಲ ಇಬ್ಬನಿ ಕುಡಿದು ಬದುಕುತ್ತಿದ್ದವು. ಪ್ರಾಣಿಗಳ ಮೈಯಂತೂ ರೊಟ್ಟಿಗೆ ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಒತ್ತಿದರೆ ಒತ್ತಿದ ಹಾಗೆ, ಎಳೆದರೆ ಎಳೆದ ಹಾಗೆ.

ನೆಲ ಎಲ್ಲರಿಗೂ ಒಂದೇ ಮಾತು ಹೇಳಿತ್ತು. "ಮೊದಲನೇ ಮಳಿ ಬೀಳೂತನಾ ನಿಮಗ ಹೆಂಗ ಬೇಕೋ ಹಂಗ ಆಗ್ರಿ. ಮಳಿ ಮೈಮ್ಯಾಲೆ ಬಿತ್ತಂದ್ರ ಮುಗೀತು. ಆದದ್ದು ಆತು."

ಹಾಗಾಗಿ ಎಲ್ಲರಿಗೂ ಗಡಿಬಿಡಿಯೋ ಗಡಿಬಿಡಿ. ಎಮ್ಮೆ ಬೆಳಿಗ್ಗೆ ಕೋಡು ನೆಟ್ಟಗೆ ಮಾಡಿಕೊಂಡು, ಸಂಜೆ ಮನಸ್ಸು ಬದಲಿಸಿ ಹಿಂದಕ್ಕೆ ಬಗ್ಗಿಸಿಕೊಳ್ಳುತ್ತಿತ್ತು. ಕಪ್ಪೆ ತನಗೆ ಬಾಲ ಬೇಕೋ ಬೇಡವೋ ಅಂತ ಕಂಡಕಂಡವರನ್ನೆಲ್ಲ ಕೇಳುತ್ತಿತ್ತು. ಕತ್ತೆಗೆ ಕಿವಿ ಎಷ್ಟು ಎಳೆದುಕೊಂಡರೂ ಸಮಾಧಾನವಿಲ್ಲ.

ಆದರೆ ಒಬ್ಬನಿಗೆ ಮಾತ್ರ ಯಾವ ಗಡಿಬಿಡಿಯೂ ಇರಲಿಲ್ಲ. ಅವನೊಬ್ಬ ನಾಯಿ. ಹೆಸರು ಚಿಗರ್ಯಾ.

ಬಯಲಲ್ಲಿ ಜಿಗಿಯುವ ಚಿಗರಿ, ಅಂದರೆ ಜಿಂಕೆಯ ಕಾಲಿನಷ್ಟೇ ಉದ್ದದ ಕಾಲು ಅವನಿಗೆ, ಅದಕ್ಕೇ ಆ ಹೆಸರು. ಕೂದಲು ಎಣ್ಣೆ ಹಚ್ಚಿ ಬಾಚಿದ ಹಾಗೆ ನುಣ್ಣಗೆ. ಕಿವಿ ಹರಳೆಲೆಯಷ್ಟು ಅಗಲ. ಬಾಲವಂತೂ ಎರಡು ಮೊಳ! ನಡೆಯುವಾಗ ಹಿಂದೆ ಸೆರಗಿನ ಹಾಗೆ ನೆಲಕ್ಕೆ ಎಳೆಯುತ್ತಿತ್ತು. ಇನ್ನು ಬದಲಾಯಿಸಿಕೊಳ್ಳುವುದು ಏನಿದೆ? "ಮಳಿ ಇವತ್ತ ಬರಲಿ, ನಾಳೆ ಬರಲಿ, ನಾ ತಯಾರದೀನಿ" ಅಂತ ಅವನು ಕಾಲು ಚಾಚಿಕೊಂಡು ಕೂತಿರುತ್ತಿದ್ದ.

ಅವನು ಕೂತಿರುತ್ತಿದ್ದ ಜಾಗ ಯಾವುದು ಗೊತ್ತೇ? ಲೋಕದ ಮೊದಲ ಹಗೇವಿನ ಮೇಲೆ.

ಹಗೇವು ಅಂದರೆ ನೆಲದೊಳಗಿನ ಕಣಜ. ಬಾವಿಯ ಹಾಗೆ ಗುಂಡಗೆ ತೋಡಿ, ಒಳಗೆ ಸುತ್ತಲೂ ಹುಲ್ಲು ಒತ್ತಿ, ಕಾಳು ಇಟ್ಟು, ಬಾಯಿಗೆ ಚಪ್ಪಡಿ ಕಲ್ಲು ಎಳೆದು, ಮೇಲೆ ಮಣ್ಣು ಮೆತ್ತಿದರೆ ಆಯಿತು. ಅದನ್ನು ತೋಡಿದವಳು ನಿಂಬೆವ್ವ ಅನ್ನುವ ಮುದುಕಿ. ಹೊಳೆಯ ದಂಡೆಯಲ್ಲಿ ಒಂದೇ ಒಂದು ಜೋಳದ ದಂಟು ಕಂಡು, ಅದರ ಕಾಳು ಉದುರಿಸಿ, ಇಬ್ಬನಿ ಬೀಳುವಲ್ಲಿ ಊರಿ, ಲೋಕದ ಮೊದಲ ಬೆಳೆ ತೆಗೆದವಳೂ ಅವಳೇ. ಮೊದಲ ರೊಟ್ಟಿ ಬಡಿದವಳೂ ಅವಳೇ. ಆ ರೊಟ್ಟಿಯ ವಾಸನೆಗೆ ಗುಡ್ಡದ ಆಚೆಯವರೆಲ್ಲ ಓಡಿ ಬಂದಿದ್ದರು.

ಎಲ್ಲರೂ ತಿಂದು, ಕೊನೆಗೆ ಒಂದು ಗಂಟು ಜೋಳ ಉಳಿಯಿತು. ಲೋಕದಲ್ಲಿದ್ದ ಜೋಳವೆಲ್ಲ ಆ ಒಂದು ಗಂಟಿನಲ್ಲೇ. ಅದನ್ನು ತಿಂದರೆ ಒಂದು ಊಟ. ಬಿತ್ತಿದರೆ ಇಡೀ ಲೋಕಕ್ಕೆ ರೊಟ್ಟಿ.

ನಿಂಬೆವ್ವ ಆ ಗಂಟಿಗೆ ಹಗ್ಗ ಕಟ್ಟಿ ಹಗೇವಿನೊಳಗೆ ಇಳಿಬಿಟ್ಟು, ಹಗ್ಗದ ತುದಿಯನ್ನು ಚಪ್ಪಡಿಯ ಕೆಳಗೆ ಸಿಕ್ಕಿಸಿ, ಬಾಯಿ ಮುಚ್ಚಿದಳು. ಆಮೇಲೆ ಚಿಗರ್ಯಾನ ತಲೆ ಸವರಿ, "ಮಳಿ ಬರೂತನಾ ಇದನ್ನ ಕಾಯಿ ತಮ್ಮಾ. ಇದೊಂದ ಬೀಜಾ ಇರೂದು" ಅಂದಳು.

"ಚಿಂತೀ ಬಿಡು ಆಯಿ" ಅಂದ ಚಿಗರ್ಯಾ. "ಒಂದ ಕಾಳೂ ಆಕಡೆ ಈಕಡೆ ಆಗೂದಿಲ್ಲ."

ಕಾದ! ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ಚಪ್ಪಡಿಯ ಮೇಲೆ ಕೂತು ಆಕಾಶ ನೋಡಿದ, ಗುಬ್ಬಿಗಳನ್ನು ಓಡಿಸಿದ. ಮೂಡಲ ನೋಡಿದ, ಪಡುವಲ ನೋಡಿದ, ಆಡು ಕುರಿ ಹತ್ತಿರ ಸುಳಿಯದ ಹಾಗೆ ನೋಡಿಕೊಂಡ. ದಿನಕ್ಕೆ ನೂರು ಸಲ ಎದ್ದು, ತನ್ನ ಎತ್ತರದ ಕಾಲಿನ ಮೇಲೆ ನಿಂತು ನಾಲ್ಕೂ ದಿಕ್ಕು ನೋಡಿದ. ಕೆಳಗೆ ಮಾತ್ರ ನೋಡಲಿಲ್ಲ.

ಕೆಲವು ಸಲ ಚಪ್ಪಡಿಯ ಅಡಿಯಿಂದ "ಕರ್... ಕರ್... ಕರ್..." ಅಂತ ಸದ್ದು ಬರುತ್ತಿತ್ತು. ಚಿಗರ್ಯಾ ಒಂದು ಕಿವಿ ಎತ್ತಿ ಕೇಳಿ, "ಪಾಪ, ನೆಲಕ್ಕ ಹಸಿವಿ ಆಗೇತಿ, ಹೊಟ್ಟಿ ಗುರುಗುಡತೈತಿ" ಅಂದುಕೊಂಡು ಮತ್ತೆ ಆಕಾಶ ನೋಡುತ್ತಿದ್ದ. ಎಂಥ ಕಾವಲುಗಾರ ನೋಡಿ!

ಹೀಗಿರುವಾಗ ಒಂದು ಮಧ್ಯಾಹ್ನ ತೆಂಕಣ ಮೂಲೆಯಲ್ಲಿ ಒಂದು ಕರಿ ಚುಕ್ಕೆ ಕಾಣಿಸಿತು. ಚುಕ್ಕೆ ಕಂಬಳಿಯಷ್ಟಾಯಿತು. ಕಂಬಳಿ ಗುಡ್ಡದಷ್ಟಾಯಿತು. ಲೋಕದ ಮೊದಲ ಮೋಡ! ಎಮ್ಮೆ ಕೋಡು ಹಿಡಿದುಕೊಂಡು ಓಡಿತು. ಕಪ್ಪೆ "ಬಾಲ ಬೇಕೋ ಬ್ಯಾಡೋ, ಲಗೂ ಹೇಳ್ರೋ" ಅಂತ ಕೂಗಾಡಿತು.

ಮೋಡ ಮೇಲಿನಿಂದ ಏದುಸಿರು ಬಿಡುತ್ತ ಕೂಗಿ ಹೇಳಿತು. "ಏ ನಿಂಬೆವ್ವಾ, ನಾ ಈಗ ತುಂಬಿದ ಕೊಡ! ಎಷ್ಟೊತ್ತಂತ ತಡಕೊಳ್ಳಲಿ? ದನಾ ಮನಿಗೆ ತಿರಗೂ ಹೊತ್ತಿಗೆ ಬೀಳಾಕಿನ ನಾನು. ಬೀಜಾ ತಗೀರಿ, ಹೊಲಕ್ಕ ನಡೀರಿ!"

"ಬಂತೋ ಬಂತು, ಬಿತ್ತೂ ದಿನಾ ಬಂತು!" ನಿಂಬೆವ್ವ ಸೀರೆ ಮೇಲಕ್ಕೆ ಸಿಕ್ಕಿಸಿ ಓಡೋಡಿ ಬಂದಳು. ಮಣ್ಣು ಕೆದರಿದಳು, ಚಪ್ಪಡಿ ಸರಿಸಿದಳು, ಹಗ್ಗ ಹಿಡಿದು ಎಳೆದಳು. ಹಗ್ಗ ಸರಸರನೆ ಮೇಲೆ ಬಂತು. ಬರಬಾರದಷ್ಟು ಹಗುರಾಗಿ ಬಂತು.

ಹಗ್ಗದ ತುದಿಯಲ್ಲಿ ಬರೀ ಅರಿವೆ. ಅರಿವೆಯ ತಳದಲ್ಲಿ ಮುಷ್ಟಿ ಹೋಗುವಷ್ಟು ತೂತು. ಒಳಗೆ ಒಂದು ಕಾಳೂ ಇಲ್ಲ.

ನಿಂಬೆವ್ವ ಬೈಯಲಿಲ್ಲ. ಅರಿವೆಯನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ಕೂತುಬಿಟ್ಟಳು. ಬೈದಿದ್ದರೆ ಚಿಗರ್ಯಾನಿಗೆ ಎಷ್ಟೋ ಸುಖವಾಗುತ್ತಿತ್ತು.

"ನಾ ಮ್ಯಾಲೆ ಕುಂತ ಇದ್ನಲ್ಲಾ ಆಯಿ! ಒಂದ ಗುಬ್ಬಿಗೂ ಬಿಟ್ಟಿಲ್ಲ ನಾನು!"

"ಮ್ಯಾಲೆ ಕುಂತಿದ್ದಿ, ಖರೆ" ಅಂದಳು ನಿಂಬೆವ್ವ. "ಕಳ್ಳ ಕೆಳಗಿಂದ ಬಂದಾನ ತಮ್ಮಾ."

ಆಗ ಚಿಗರ್ಯಾನಿಗೆ ಆ "ಕರ್... ಕರ್..." ನೆನಪಾಯಿತು. ನಾಚಿಕೆಯಿಂದ ಅವನ ಎರಡು ಮೊಳದ ಬಾಲ ಕಾಲಿನ ಸಂದಿಯಲ್ಲಿ ಸೇರಿಕೊಂಡಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕಾಳು ಕೆಳಗೆ ಚೆಲ್ಲಿರಬಹುದು ಅಂತ ನಿಂಬೆವ್ವ ಒಂದು ಹಣತೆ ಹಚ್ಚಿ, ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಇಳಿಬಿಟ್ಟಳು. ಎರಡಾಳು ಆಳಕ್ಕೆ ಇಳಿಯುವಷ್ಟರಲ್ಲಿ ದೀಪ ತಾನೇ ಆರಿಹೋಯಿತು. ಎಲ್ಲರೂ ತಿರುಗಿ ಗಾಳಿಯನ್ನು ನೋಡಿದರು.

"ನಾ ಊದಿಲ್ಲ, ನಿಮ್ಮಾಣಿ!" ಅಂದಿತು ಗಾಳಿ. "ನಾ ಅದರೊಳಗ ಇನ್ನೂ ಹೊಕ್ಕೇ ಇಲ್ಲ. ನಾ ಹೊಕ್ಕಿಲ್ಲದ ಜಾಗಾದಾಗ ದೀಪಾನೂ ಉಳಿಯೂದಿಲ್ಲ, ಜೀವಾನೂ ಉಳಿಯೂದಿಲ್ಲ. ಇಳೀಬ್ಯಾಡ ನಿಂಬೆವ್ವಾ. ನಾ ಒಳಗ ಹೋಗಿ ಕಸಾ ಹೊಡದು ಬರಾಕ ಒಂದ ರಾತ್ರಿ ಬೇಕು."

ಒಂದು ರಾತ್ರಿ ಎಲ್ಲಿದೆ? ಮೋಡ ಆಗಲೇ ನೆತ್ತಿಗೆ ಬಂದಿತ್ತು.

"ಹಂಗಾದ್ರ ಆ ಕಳ್ಳ ಒಳಗ ಹೆಂಗ ಉಳದಾ?" ಕೇಳಿದ ಚಿಗರ್ಯಾ.

ಗಾಳಿ ಆಕಡೆ ಈಕಡೆ ನೋಡಿ ದನಿ ಇಳಿಸಿತು. "ಒಂದು ಮನಿ ಮಾತು ಇನ್ನೊಂದು ಮನಿಗೆ ಹೇಳಾಂವಲ್ಲ ನಾನು. ಆದ್ರೂ ಹೇಳ್ತೀನಿ. ಅದು ಹೆಗ್ಗಣಕ್ಕನ ಕೆಲಸ. ಬಗಲಿಗೆ ತೂತು ಕೊರದು, ಕಾಳು ಒಯ್ದು, ಹಿಂದ ಮಣ್ಣು ಮೆತ್ತಿ ಮುಚ್ಚ್ಯಾಳ. ಆಕಿ ಬಾಗಲಾ ಅಲ್ಲೈತಿ ನೋಡು, ಬನ್ನಿಗಿಡದ ಬೇರಿನ ಕೆಳಗ. ನಾ ಅದರಾಗ ದಿನಾ ಹೋಗಿ ಬರ್ತೀನಿ. ಒಳಗ ಜ್ವಾಳದ ವಾಸನಿ ಘಮ್ ಅಂತೈತಿ."

ಚಿಗರ್ಯಾ ಒಂದೇ ನೆಗೆತಕ್ಕೆ ಬನ್ನಿಗಿಡದ ಹತ್ತಿರ ಇದ್ದ. ಬೇರಿನ ಕೆಳಗೆ ಒಂದು ಗೇಣು ಅಗಲದ ತೂತು. ಮೂತಿ ಇಟ್ಟ. ಮೂತಿ ಹೋಯಿತು. ತಲೆ ಹೋಗಲಿಲ್ಲ.

ಆಗ ನೆಲ ಎಚ್ಚರವಾಗಿ ಮಾತಾಡಿತು. "ಚಿಗರ್ಯಾ, ನಾ ಎರಿಮಣ್ಣು. ಈಗ ಮೈಯೆಲ್ಲಾ ಬಿರುಕು ಬಿಟ್ಟೇನಿ, ಖರೆ. ಆದ್ರ ನೀರು ಬಿತ್ತಂದ್ರ ಉಬ್ಬತೀನಿ, ಬಿರುಕು ಬಿಲಾ ಎಲ್ಲಾ ಮುಚ್ಚಿಕೋತಾವ. ಬೇಕಂತ ಮಾಡೂದಲ್ಲ, ನನ್ನ ಗುಣಾನ ಹಂಗ. ಹೊಕ್ಕರ ಮಳಿ ಬೀಳೂದರೊಳಗ ಹೊರಗ ಬಾ."

ನಿಂಬೆವ್ವ ಓಡಿ ಬಂದು ಅವನ ಕುತ್ತಿಗೆ ಹಿಡಿದಳು. "ಬ್ಯಾಡೋ ನನ್ನಪ್ಪಾ. ಈ ತೂತಿನ್ಯಾಗ ಹೊಕ್ಕು ಮೈ ಹೆಂಗ ಆಗ್ತೈತೋ, ಮಳಿ ಬಿದ್ದರ ಹಂಗ ಉಳೀತೈತಿ. ಎಂಥಾ ಚೆಂದನ ಮೈ ನಿಂದು!"

ಚಿಗರ್ಯಾ ತನ್ನ ಕಾಲುಗಳನ್ನು ಒಂದು ಸಲ ನೋಡಿಕೊಂಡ. ಒಂದೇ ಸಲ. ಆಮೇಲೆ ಅಂದ, "ಕಾಯಾಕ ಕುಂತಾಂವ ನಾನ ಅಲ್ಲೇನು ಆಯಿ? ತರಾಂವನೂ ನಾನ."

ಪರಪರಪರ ಕೆರೆದ. ಬುಸ್ ಅಂತ ಮಣ್ಣು ಹಿಂದಕ್ಕೆ ಹಾರಿತು! ಪರಪರಪರ ಕೆರೆದ. ಬುಸ್ ಅಂತ ನಿಂಬೆವ್ವನ ಸೀರೆಯ ಮೇಲೆ ಹಾರಿತು! ತಲೆ ಹೋಯಿತು, ಹೆಗಲು ಹೋಯಿತು. ಕಾಲಿನ ಹತ್ತಿರ ಬಂದು ಸಿಕ್ಕಿಕೊಂಡಿತು. ಆ ಉದ್ದದ ಕಾಲುಗಳನ್ನು ಆ ಸಣ್ಣ ಬಿಲದಲ್ಲಿ ಎಲ್ಲಿ ಮಡಚುವುದು? ಹೊಟ್ಟೆ ನೆಲಕ್ಕೆ ಹಚ್ಚಿ, ಹಲ್ಲು ಕಚ್ಚಿ, ಮುಂದಕ್ಕೆ ನೂಕಿದ. ಮೆತ್ತಗಿನ ಮೈ ಅಲ್ಲವೇ? ಕಾಲುಗಳು ಮೇಲಿಂದ ಒತ್ತಿಸಿಕೊಂಡು ಒತ್ತಿಸಿಕೊಂಡು, ಮೊಳದಷ್ಟಿದ್ದದ್ದು ಗೇಣಾಯಿತು, ಗೇಣಿದ್ದದ್ದು ಇನ್ನೂ ಕಡಿಮೆಯಾಯಿತು. ಮಿಕ್ಕದ್ದೆಲ್ಲ ತೊಡೆಗೂ ಎದೆಗೂ ಸೇರಿ ಅಲ್ಲಿ ಗಟ್ಟಿಯಾಗಿ ಕೂತಿತು.

ಸರಕ್ಕನೆ ಒಳಗೆ ಹೋದ!

ಕತ್ತಲೆ. ಮೇಲಿನಿಂದ ಮಣ್ಣು ಕಣ್ಣಿಗೆ ಉದುರಿತು. ಚಿಗರ್ಯಾ ಹಣೆಯನ್ನು ಗಂಟು ಹಾಕಿ, ಹಣೆಯ ಕೂದಲನ್ನೆಲ್ಲ ಕಣ್ಣಿನ ಮೇಲೆ ಎಳೆದುಕೊಂಡ. ಕಿವಿಗೂ ಮಣ್ಣು. ಹರಳೆಲೆಯಂಥ ಕಿವಿಯನ್ನು ಮುಂದಕ್ಕೆ ಮಡಚಿ ಮುಚ್ಚಳ ಮಾಡಿಕೊಂಡ. ಪರಪರಪರ ಕೆರೆದ, ಬುಸ್ ಅಂತ ಹಿಂದಕ್ಕೆ ಎಸೆದ. ಬೇರು ತಾಗಿತು, ಕಲ್ಲು ತಾಗಿತು, ಹಳೆಯ ಕೂಳೆ ಚುಚ್ಚಿತು. ತಾಗಿದ ಕಡೆಯೆಲ್ಲ ಅವನ ನುಣ್ಣನೆಯ ಕೂದಲು ಸಿಡಿಮಿಡಿಗೊಂಡು ಎದ್ದು ನಿಂತಿತು. ನೆಲಕ್ಕೆ ಅದು ತಡೆಯಲಾಗಲಿಲ್ಲ. "ಏ, ಮೆಲ್ಲಕ, ಕಚಗುಳಿ ಆಗತೈತಿ!" ಅಂತ ನಕ್ಕಿತು. ನಕ್ಕಾಗ ಇನ್ನಷ್ಟು ಮಣ್ಣು ಉದುರಿತು.

ಈಗೊಂದು ಗುಟ್ಟು ಹೇಳಬೇಕು. ಚಿಗರ್ಯಾನಿಗೆ ಭಯವಾಗಿತ್ತು, ನಾಚಿಕೆಯಾಗಿತ್ತು, ಎಲ್ಲ ಸರಿ. ಆದರೆ ಅದರ ಜೊತೆಗೆ ಅವನಿಗೆ ಭಾರೀ ಖುಷಿಯೂ ಆಗತೊಡಗಿತ್ತು! ಇಷ್ಟು ದಿನ ಮೇಲೆ ಕೂತು ಏನು ಮೂಸಿದ್ದ? ಬಿಸಿಲು, ಧೂಳು. ಇಲ್ಲಿ ಒಂದೊಂದು ಹಿಡಿ ಮಣ್ಣಿಗೂ ಒಂದೊಂದು ವಾಸನೆ. ಇದು ಇರುವೆ, ಇದು ಎರೆಹುಳ, ಇದು ಯಾವುದೋ ಗಡ್ಡೆ, ಇದು ಮೊನ್ನೆ ಹೋದ ಹಾವು. ಒಂದಕ್ಕಿಂತ ಒಂದು ಚೆಂದ! ಅವನ ಬಾಲ ಅಷ್ಟು ಇಕ್ಕಟ್ಟಿನಲ್ಲೂ ಅಲ್ಲಾಡಲು ಹೋಗಿ, ಜಾಗವಿಲ್ಲದೆ ಮೈಗೆ ಒತ್ತಿಕೊಂಡು ಒತ್ತಿಕೊಂಡು ಒಳಗೇ ಸೇರುತ್ತ ಬಂತು.

ಮುಂದಿನಿಂದ ಘಮ್ ಅಂತ ಜೋಳದ ವಾಸನೆ ಬಂತು. ಕೊನೆಯ ಸಲ ಪರಪರಪರ ಕೆರೆದ. ಮಣ್ಣಿನ ಗೋಡೆ ಬಿತ್ತು.

ಅದು ಹೆಗ್ಗಣಕ್ಕನ ಉಗ್ರಾಣ. ಜೋಳ ರಾಶಿಯಾಗಿ ಬಿದ್ದಿತ್ತು. ರಾಶಿಯ ಮೇಲೆ ಹೆಗ್ಗಣಕ್ಕ ಕೂತಿದ್ದಳು, ಮೀಸೆ ಕುಣಿಸುತ್ತ. ಹಿಂದೆ ಹನ್ನೊಂದು ಮರಿಗಳು ಮಲಗಿದ್ದವು.

"ಯಾರಿಲ್ಲೆ, ಬಾಗಲಾ ಬಡೀದ ಬರಾಂವ?" ಅಂದಳು.

"ಬಾಗಲಾ ಬಡದ ನೀ ಬಂದಿದ್ಯೇನು ನಮ್ಮ ಹಗೇವಿಗೆ? ಬೀಜಾ ಕೊಡು!"

"ಬೀಜಾ ನಿಮ್ಮದು ಹೆಂಗಾತು?" ಹೆಗ್ಗಣಕ್ಕ ಒಂದು ಕಾಳು ಎತ್ತಿ ಹಲ್ಲಿನಲ್ಲಿ ಕಟುಕ್ಕನೆ ಒಡೆದಳು. "ಲೋಕಾ ಹಂಚೂ ಮುಂದ ಏನ್ ಮಾತಾಗಿತ್ತು? ನೆಲದ ಮ್ಯಾಲಿಂದೆಲ್ಲಾ ನಿಮಗ, ನೆಲದ ಒಳಗಿಂದೆಲ್ಲಾ ನಮಗ. ಮ್ಯಾಲಿದ್ದ ಜ್ವಾಳಾನ ನೆಲದ ಒಳಗ ಇಟ್ಟಾವರು ಯಾರು? ನಾನೇನು? ನನ್ನ ಮನಿಯಾಗ ತಂದಿಟ್ಟರ ಅದು ನಂದು."

ಚಿಗರ್ಯಾನಿಗೆ ಆ ಮಾತು ನ್ಯಾಯವಾಗೇ ಕಾಣುತ್ತಿತ್ತು. ಆದರೂ ಅವನು ಕಾಲೂರಿ ನಿಂತ. "ಇದೊಂದ ಬೀಜಾ ಇರೂದು. ಬಿತ್ತಿದರ ಎಲ್ಲಾರಿಗೂ ರೊಟ್ಟಿ, ಚೂರು ನಿನಗೂ ಬೀಳತಾವ. ನೀ ಇದನ್ನ ತಿಂದ್ರ ಮುಂದಿನ ವರ್ಷ ನಿನ್ನ ಮಕ್ಕಳಿಗೆ ಏನ್ ಹಾಕ್ತಿ?"

"ಮುಂದಿನ ವರ್ಷದ ಮಾತು ಮುಂದಿನ ವರ್ಷ. ನೀ ಚಾಪಿ ಕೆಳಗ ತೂರಿದ್ರ ನಾ ರಂಗೋಲಿ ಕೆಳಗ ತೂರಾಕಿ! ಹೋಗೋ!" ಅಂದವಳೇ ಹೆಗ್ಗಣಕ್ಕ ಹಾರಿ ಅವನ ಗದ್ದದ ಕೂದಲು ಹಿಡಿದು ಎಳೆದಳು. ಅವನು ಮುಂದಕ್ಕೆ ನುಗ್ಗಿದ, ಅವಳು ಕೆಳಕ್ಕೆ ಎಳೆದಳು. ನುಗ್ಗಿದ, ಎಳೆದಳು. ಗದ್ದದ ಕೂದಲು ಉದ್ದವಾಯಿತು, ಮೀಸೆ ಉದ್ದವಾಯಿತು, ಮೂತಿಯ ಸುತ್ತ ಒಂದು ಪೊದೆಯೇ ಆಯಿತು. ಅವನು ಬಿಡಲಿಲ್ಲ. ಎದೆಮಟ್ಟ ಜೋಳದ ರಾಶಿಯೊಳಗೆ ನುಗ್ಗಿ, ಹೊರಳಿ, ಮೂತಿ ಹುಗಿದು, ಬಾಯಿ ತುಂಬ ಜೋಳ ತುಂಬಿಕೊಂಡ. ಬಾಯಲ್ಲಿ ಜೋಳ ಇನ್ನಷ್ಟು ಹಿಡಿಯಲಿ ಅಂತ ದವಡೆ ಉದ್ದ ಮಾಡಿಕೊಂಡ. ಆಗ ಅವನ ಮೂತಿ ಚೌಕಾಕಾರವಾಯಿತು.

ಮೇಲೆ ಎಲ್ಲೋ "ಗುಡುಗುಡುಗುಡು" ಅಂದಿತು.

"ಚಿಗರ್ಯಾ!" ನೆಲ ಕೂಗಿತು. "ಹೊರಡು! ಮೋಡ ಸಡಲ ಬಿಡಾಕ ಹತ್ತೈತಿ!"

ತಿರುಗಲು ಜಾಗವಿಲ್ಲ. ಚಿಗರ್ಯಾ ಹಿಂದಹಿಂದಕ್ಕೆ ಸರಿಯತೊಡಗಿದ. ಬಾಯಿ ಬಿಗಿಯಾಗಿ ಮುಚ್ಚಿ, ಹಿಂಗಾಲಿನಿಂದ ಮಣ್ಣು ನೂಕುತ್ತ, ಒಂದು ಹೆಜ್ಜೆ, ಎರಡು ಹೆಜ್ಜೆ. ಅರ್ಧ ದಾರಿ ಬಂದ. ಇನ್ನೇನು ಗೆದ್ದ!

ಹೆಗ್ಗಣಕ್ಕ ಅವನ ಮೂತಿಯ ಎದುರಿಗೇ ಬರುತ್ತಿದ್ದಳು. ಅವಳಿಗೆ ನಗು ತಡೆಯಲಾಗಲಿಲ್ಲ. "ಅಯ್ಯ, ಇದನ್ನ ನೋಡ್ರೇ! ಕುಂಡಿ ಮುಂದ ಮಾಡಿ ಹೊಂಟಾನ. ಹೋಗಿ ಬಾರೋ ಗಿಡ್ಡಾ!"

ಗಿಡ್ಡಾ! ಅವನನ್ನು! ಚಿಗರ್ಯಾನನ್ನು!

ಬಾಯಿ ಮುಚ್ಚಿಕೊಂಡಿರಬೇಕಿತ್ತು. ಯಾರಾದರೂ ಮುಚ್ಚಿಕೊಂಡಿರುತ್ತಿದ್ದರು. ಆದರೆ ಅವನಿಂದ ಆಗಲಿಲ್ಲ. "ವಾವ್ ವಾವ್ ವಾವ್!" ಅಂತ ಬೊಗಳಿಯೇಬಿಟ್ಟ. ಬಾಯಲ್ಲಿದ್ದ ಜೋಳವೆಲ್ಲ ಸುರ್ರನೆ ಚೆಲ್ಲಿ, ನೆಲದ ಬಿರುಕಿನೊಳಗೆ ಜಾರಿ, ಕೈಗೆ ಸಿಗದಷ್ಟು ಆಳಕ್ಕೆ ಬಿದ್ದುಹೋಯಿತು.

ಮೇಲೆ ಮೊದಲ ಹನಿ ಬಿತ್ತು. ನೆಲ ಉಬ್ಬತೊಡಗಿತು.

ಹೋಗುವಾಗ ಅವನೇ ಹಿಂದಕ್ಕೆ ಎಸೆದಿದ್ದ ಮಣ್ಣು ಈಗ ಬಿಲದ ಬಾಯಿಗೆ ಅಡ್ಡ ಕೂತಿತ್ತು. ಚಿಗರ್ಯಾ ನೂಕಿದ, ಅದು ಅಲುಗಲಿಲ್ಲ. ಎರಡೂ ಬದಿಯಿಂದ ಮಣ್ಣು ಮೆಲ್ಲಮೆಲ್ಲಗೆ ಅವನನ್ನು ಒತ್ತಿತು. "ನನ್ನ ಗುಣಾನ ಹಂಗೋ ತಮ್ಮಾ" ಅಂತ ನೆಲ ಅಳುವ ದನಿಯಲ್ಲಿ ಹೇಳಿತು. ಅವನಿಗೆ ಉಳಿದದ್ದು ಒಂದೇ. ಬಾಲವನ್ನು ನೆಟ್ಟಗೆ ಮೇಲಕ್ಕೆ, ಜೀವವೆಲ್ಲ ಹಾಕಿ ಎತ್ತಿದ.

ಹೊರಗೆ ನಿಂಬೆವ್ವ ಬನ್ನಿಗಿಡದ ಬುಡದಲ್ಲಿ ಕೈಯಿಂದ ಮಣ್ಣು ಬಗೆಯುತ್ತಿದ್ದಳು. ಎಲ್ಲಿ ಬಗೆಯಬೇಕೋ ತಿಳಿಯದೆ ಇಲ್ಲಿ ಒಂದಿಷ್ಟು, ಅಲ್ಲಿ ಒಂದಿಷ್ಟು. ಆಗ ಕರಿಮಣ್ಣಿನಿಂದ ಏನೋ ಒಂದು ಮೊಳಕೆ ಎದ್ದ ಹಾಗೆ ಎದ್ದಿತು. ಒಂದು ಹಿಡಿಯಷ್ಟು. ನೆಟ್ಟಗೆ. ಅಲ್ಲಾಡುತ್ತಿತ್ತು!

"ನನ್ನಪ್ಪನ ಬಾಲಾ!" ಅಂದಳು.

ಅಷ್ಟರಲ್ಲಿ ಲೋಕದ ಎರಡನೇ ಹನಿ ಸರಿಯಾಗಿ ಆ ಬಾಲದ ಮೇಲೇ ಬಿತ್ತು. ಬಾಲ ಅಲ್ಲಿಗೇ ಗಟ್ಟಿಯಾಯಿತು, ನೆಟ್ಟಗೆ, ಚಿಕ್ಕದಾಗಿ, ಕುಡುಗೋಲಿನ ಹಿಡಿಯ ಹಾಗೆ. ನಿಂಬೆವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಗಾಳಿ ನಿಂಬೆವ್ವನ ಸೊಂಟ ಹಿಡಿಯಿತು. "ಎಳೀ!" ಅಂದಿತು ಮೋಡ. "ಎಳೀ!" ಅಂದಿತು ಬೇವಿನ ಮರ. ನೆಲ ಕೂಡ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಂಡಿತು. ಪಳಕ್! ಚಿಗರ್ಯಾ ಬಿರಡೆಯ ಹಾಗೆ ಹೊರಗೆ ಬಂದು, ಮೂರು ಪಲ್ಟಿ ಹೊಡೆದು ನಿಂತ. ಹನಿ ಬಿದ್ದು ಮೈಯೆಲ್ಲ ಹಾಗೇ ಗಟ್ಟಿಯಾಯಿತು.

ಎಲ್ಲರೂ ನೋಡಿದರು. ಯಾರಿದು? ಗೇಣೂ ಇಲ್ಲದ ಕಾಲು. ಮುಂದಕ್ಕೆ ಮಡಚಿದ ಕಿವಿ. ಗಡ್ಡ, ಮೀಸೆ. ಹುಬ್ಬು ಕಣ್ಣಿನ ಮೇಲೆ ಜೋತುಬಿದ್ದಿದೆ. ಮೈಯೆಲ್ಲ ಗುಡಿಸುವ ಬರಲಿನ ಹಾಗೆ ಒರಟು ಕೂದಲು. ನೋಡಿದರೆ ನಾಯಿಯೋ, ಯಾರದೋ ಮನೆಯ ಮುದಿ ಮುತ್ಯಾನೋ ತಿಳಿಯದು. ಕಣ್ಣು ಮಾತ್ರ ಚಿಗರ್ಯಾನದು.

"ಬೀಜಾ ತಂದ್ಯಾ ತಮ್ಮಾ?" ಕೇಳಿದಳು ನಿಂಬೆವ್ವ.

ಚಿಗರ್ಯಾ ಬಾಯಿ ತೆರೆದ. ಬಾಯಿ ಖಾಲಿ.

"ತುಂಬಿಕೊಂಡಿದ್ನೆ ಆಯಿ. ಆದ್ರ... ಬೊಗಳಿಬಿಟ್ಟೆ."

ಹಿಂದೆ ಬಿಲದ ಬಾಯಿ ಪಚಕ್ ಅಂತ ಮುಚ್ಚಿಕೊಂಡಿತು. ಕಾಲು ಹೋಯಿತು, ಕಿವಿ ಹೋಯಿತು, ಚೆಂದದ ಬಾಲ ಹೋಯಿತು. ಅದೆಲ್ಲ ಹೋಗಲಿ, ಬೀಜವೂ ಹೋಯಿತಲ್ಲ! ಗುಡ್ಡ ಅಗೆದು ಇಲಿ ಹಿಡಿದರು ಅನ್ನುತ್ತಾರೆ. ಅವನು ಗುಡ್ಡ ಅಗೆದು ಇಲಿಯನ್ನೂ ಹಿಡಿಯಲಿಲ್ಲ. ಚಿಗರ್ಯಾನಿಗೆ ಎದೆ ಒಡೆದು ಅಳು ಬಂತು. ಮಳೆ ಆಗ ಜೋರಾಗಿ, ಧೋ ಅಂತ ಸುರಿಯಿತು. ಅವನ ಅಳು ಯಾವುದು, ಮಳೆ ಯಾವುದು ತಿಳಿಯದ ಹಾಗಾಯಿತು.

ನೀರು ಹೊಸ ಕೂದಲೊಳಗೆ ಇಳಿಯಿತು. ಮೈ ತುರಿಸಿತು. ಮಡಚಿದ ಕಿವಿಯೊಳಗೆ ಏನೋ ಗುಳುಗುಳು ಅಂದಿತು. ತಡೆಯಲಾರದೆ ಚಿಗರ್ಯಾ ಮೈ ಕೊಡವಿದ. ಮೂಗಿನಿಂದ ಹಿಡಿದು ಬಾಲದ ತುದಿಯವರೆಗೆ, ಫಡಫಡಫಡ!

ಕಾಳು ಹಾರಿದವು!

ಗಡ್ಡದಿಂದ ಕಾಳು ಹಾರಿದವು. ಮೀಸೆಯಿಂದ ಕಾಳು ಹಾರಿದವು. ಹುಬ್ಬಿನಿಂದ, ಹೊಟ್ಟೆಯ ಕೂದಲಿನಿಂದ, ಬೆರಳ ಸಂದಿಯಿಂದ, ಎರಡೂ ಕಿವಿಯ ಮಡಿಕೆಯಿಂದ, ಬಿಳಿಬಿಳಿ ಜೋಳ ಚಟಚಟ ಅಂತ ನಾಲ್ಕೂ ದಿಕ್ಕಿಗೆ ಹಾರಿತು! ಆ ರಾಶಿಯಲ್ಲಿ ಹೊರಳಿದ್ದನಲ್ಲ, ಆ ಒರಟು ಕೂದಲಿನ ಬುಡಬುಡದಲ್ಲೂ ಸಿಕ್ಕಿಕೊಂಡು ಕೂತಿದ್ದ ಕಾಳು. ಬಾಯಲ್ಲಿ ಹಿಡಿದದ್ದಕ್ಕಿಂತ ಮೈಯಲ್ಲಿ ಬಂದದ್ದೇ ಹೆಚ್ಚು.

"ತಡೀ!" ನಿಂಬೆವ್ವ ಚೀರಿದಳು. "ಇಲ್ಲೆ ಕೊಡವಬ್ಯಾಡೋ! ಹೊಲಾ! ಹೊಲಕ್ಕ ಓಡು! ಓಡಿ ಓಡಿ ಕೊಡವು!"

ಓಡಿದ! ಗಿಡ್ಡ ಕಾಲಲ್ಲಿ ಕೆಸರು ಸಿಡಿಸುತ್ತ ಹೊಲದ ಈ ತುದಿಯಿಂದ ಆ ತುದಿಗೆ ಓಡಿದ. ನಿಂತು, ಫಡಫಡ ಕೊಡವಿದ. ಮತ್ತೆ ಓಡಿದ, ಗುಂಡಗೆ ತಿರುಗಿದ, ಸೊಟ್ಟಗೆ ಓಡಿದ, ಫಡಫಡ ಕೊಡವಿದ. ಗಾಳಿ ಕಾಳನ್ನು ಹಿಡಿದು ಹಿಡಿದು ಎಲ್ಲ ಕಡೆ ಹಂಚಿತು. ನೆಲ ಒಂದೊಂದು ಕಾಳಿಗೂ ಬಾಯಿ ತೆರೆದು, ನುಂಗಿ, ಮುಚ್ಚಿತು. ಹೆಗ್ಗಣಕ್ಕ ಇನ್ನೊಂದು ತೂತಿನಿಂದ ಇಣುಕಿ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಳು. ನಿಂಬೆವ್ವ ಮಳೆಯಲ್ಲಿ ನೆನೆಯುತ್ತ ನಗುತ್ತಿದ್ದಳು, ಅಳುತ್ತಿದ್ದಳು, "ಬಿತ್ತೋ ನನ್ನಪ್ಪಾ, ಬಿತ್ತು!" ಅಂತ ಕೂಗುತ್ತಿದ್ದಳು.

ಐದನೇ ದಿನ ಹೊಲವೆಲ್ಲ ಹಸಿರು. ಸಾಲು ಮಾತ್ರ ಒಂದೂ ನೆಟ್ಟಗಿರಲಿಲ್ಲ. ಅವನು ಓಡಿದ ಹಾಗೇ ಗುಂಡಗೆ, ಸೊಟ್ಟಗೆ, ಹಾವಿನ ಹಾಗೆ ಬೆಳೆದಿತ್ತು ಜೋಳ. ನೋಡಿದವರು ನಕ್ಕರು.

"ನಗ್ರಿ, ನಗ್ರಿ" ಅಂದಳು ನಿಂಬೆವ್ವ. "ಸಾಲು ಸೊಟ್ಟಾದ್ರೂ ರೊಟ್ಟಿ ದುಂಡಗ ಆಗ್ತಾವ."

ಸುಗ್ಗಿಯಲ್ಲಿ ಅವಳು ರೊಟ್ಟಿ ಬಡಿದು, ಮೊದಲನೆಯದನ್ನು ಚಿಗರ್ಯಾನಿಗೆ ಇಟ್ಟಳು. ಬಿಲದಲ್ಲಿ ಉಳಿದದ್ದೂ, ಬಿರುಕಿಗೆ ಬಿದ್ದುಹೋದ ಆ ಬಾಯಿ ತುಂಬ ಜೋಳವೂ ಹೆಗ್ಗಣಕ್ಕನ ಹನ್ನೊಂದು ಮಕ್ಕಳಿಗಾಯಿತು. "ಇರಲಿ ಬಿಡು, ಆಕಿಗೂ ಹೊಟ್ಟಿ ಐತಿ" ಅಂದಳು ನಿಂಬೆವ್ವ. ಚಿಗರ್ಯಾ ಮಾತ್ರ ಹಾಗೆ ಅನ್ನಲಿಲ್ಲ. ಗಿಡ್ಡಾ ಅಂದದ್ದನ್ನು ಅವನು ಈವರೆಗೂ ಮರೆತಿಲ್ಲ.

"ನಿನ್ನ ಕಾಲು ಹೋದುವಲ್ಲೋ ತಮ್ಮಾ, ಬ್ಯಾಸರ ಇಲ್ಲೇನು?" ಅಂತ ಅವಳು ಒಂದು ದಿನ ಕೇಳಿದಳು. ತಿರುಗಿ ನೋಡಿದರೆ ಅವನ ತಲೆ ಆಗಲೇ ಇನ್ನೊಂದು ಬಿಲದೊಳಗಿತ್ತು, ಬಾಲ ಮೇಲೆ ಕುಣಿಯುತ್ತಿತ್ತು, ಬುಸ್ ಅಂತ ಮಣ್ಣು ಅವಳ ಸೀರೆಯ ಮೇಲೆ ಹಾರಿತು.

ಮುಂದೆ ಅವನಿಗೆ ಮಕ್ಕಳಾದವು. ಒಂದು ಜೋಳದ ಹಿಟ್ಟಿನಷ್ಟು ಬಿಳುಪು. ಒಂದು ಮಾಗಿದ ಗೋದಿಯ ಬಣ್ಣ. ಒಂದಕ್ಕೆ ಬೆನ್ನು ಎರೆಮಣ್ಣಿನ ಕಪ್ಪು, ಕಾಲು ಇಟ್ಟಿಗೆಯ ಕೆಂಪು. ಒಂದು ಮರಿಯಂತೂ "ಯಾರ ಅಂವಾ ನಮ್ಮಪ್ಪಗ ಗಿಡ್ಡಾ ಅಂದಾಂವ?" ಅಂತ ಸದಾ ಕಿವಿ ನಿಮಿರಿಸಿಕೊಂಡೇ ಇದ್ದು, ಅದರ ವಂಶಕ್ಕೆಲ್ಲ ಕಿವಿ ನೆಟ್ಟಗೇ ಉಳಿಯಿತು. ಇನ್ನೊಂದಕ್ಕೆ ಕೂದಲು ಬೆಳೆದು ಬೆಳೆದು ನೆಲ ಮುಟ್ಟಿತು. ಬಣ್ಣ ಬೇರೆಯಾದರೂ, ಕಿವಿ ಬೇರೆಯಾದರೂ, ಗಿಡ್ಡ ಕಾಲು, ಗಟ್ಟಿ ದವಡೆ, ಹಿಡಿಯಂಥ ಬಾಲ, ಬಾಯಿ ಮುಚ್ಚಿಕೊಂಡಿರಲಾರದ ಬುದ್ಧಿ, ಇವು ಎಲ್ಲಕ್ಕೂ ಬಂದವು.

ಈಗಿನವರು ಅವಕ್ಕೆ ಟೆರಿಯರ್ ಅನ್ನುತ್ತಾರೆ. ಅವು ಯಾವುದೋ ದೂರದ ದೇಶದಿಂದ ಹಡಗು ಹತ್ತಿ ಬಂದವು ಅಂತಲೂ ಹೇಳುತ್ತಾರೆ. ಹೇಳಲಿ ಬಿಡಿ. ಹಡಗು ಹತ್ತುವುದಕ್ಕೆ ಮೊದಲು ಎಲ್ಲಿದ್ದವು ಅಂತ ಕೇಳಿದರೆ ಅವರಿಗೇನು ಗೊತ್ತು?

ನೀವೇ ನೋಡಿ. ಗಡ್ಡದ ಮೂತಿಯ ಆ ಪುಟ್ಟ ನಾಯಿಗೆ ಸ್ನಾನ ಮಾಡಿಸಿ ಬಿಟ್ಟ ಕೂಡಲೇ ಅದು ಮೂಗಿನಿಂದ ಬಾಲದವರೆಗೆ ಫಡಫಡ ಕೊಡವಿ, ಹುಚ್ಚು ಹಿಡಿದ ಹಾಗೆ ಪಡಸಾಲೆಯಲ್ಲಿ ಗುಂಡಗೆ, ಸೊಟ್ಟಗೆ ಓಡುತ್ತದೆ. ಗೋಡೆಗೆಲ್ಲ ನೀರು ಸಿಡಿಯಿತು ಅಂತ ಅದನ್ನು ಬೈಯಬೇಡಿ, ಅದು ಇವತ್ತಿಗೂ ಜೋಳ ಬಿತ್ತುತ್ತಿದೆ.